ಗೂಟ ಹಿಡಿದ ಕೈ

ಶಿವಗಂಗಮ್ಮನ ಕೈಗಳು ಅವಳ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಪಕ್ಕದ ಮನೆಯಲ್ಲಿ ಯಾರಾದರೂ ಒನಕೆ ಹಿಡಿದು ಭತ್ತ ಕುಟ್ಟಿದರೆ ಸಾಕು, ಒಂದೊಂದು ಪೆಟ್ಟಿಗೂ ಇವಳ ಮಣಿಕಟ್ಟು ತನ್ನಷ್ಟಕ್ಕೆ ತಾನೇ ಒಂದಿಷ್ಟು ಹೊರಳುತ್ತಿತ್ತು. ಗುಡಿಯಲ್ಲಿ ಕೈಮುಗಿದು ನಿಂತಾಗ ನಗಾರಿ ಬಾರಿಸಿದರೂ ಹಾಗೆಯೇ. ನೋಡಿದವರು ನಗುತ್ತಿದ್ದರು. ಅವಳೂ ಮೊದಮೊದಲು ನಗುತ್ತಿದ್ದಳು. ಈಚೆಗೆ ನಗುವುದಕ್ಕೂ ಬೇಸರವಾಗಿತ್ತು.

ಅದು ಗೂಟ ಹಿಡಿದು ಹಿಡಿದು ಬಂದ ಅಭ್ಯಾಸ. ಹೊಳೆನರಸೀಪುರದಲ್ಲಿ ಅವಳ ಗಂಡ ನಂಜಯ್ಯನೂ ಅವನ ಜೊತೆಗಾರ ಪಾಲಾಕ್ಷನೂ ಸೇರಿ ಒಂದು ಮರಗೆಲಸದ ಕೊಟ್ಟಿಗೆ ಇಟ್ಟುಕೊಂಡಿದ್ದರು. ಕೊಟ್ಟಿಗೆ ಇದ್ದದ್ದು ನಂಜಯ್ಯನ ಹಿತ್ತಿಲಲ್ಲಿ. ಅದರೊಳಗಿನ ಕಬ್ಬಿಣದ ಬಿಲ್ಲೆ ಮಾತ್ರ ಇಬ್ಬರದೂ, ಇಬ್ಬರ ಅಪ್ಪಂದಿರೂ ಕೂಡಿ ಮಾಡಿಸಿದ್ದು. ದಪ್ಪನೆಯ ಬಿಲ್ಲೆ, ನಡುವೆ ಒಂದು ದುಂಡನೆಯ ತೂತು. ಅದನ್ನು ಒಳಗೆ ಪೊಳ್ಳು ಮಾಡಿದ ಕೊರಡಿನ ಮೇಲೆ ಕೂರಿಸಿದ್ದರು. ಪಾಲಾಕ್ಷ ಜಾಲಿಮರವನ್ನು ಸೀಳಿ, ಬಾಚಿಯಲ್ಲಿ ಒರಟಾಗಿ ಕೆತ್ತಿ, ಮೊಳದುದ್ದದ ತುಂಡು ಮಾಡಿ ಕೊಡುತ್ತಿದ್ದ. ಆ ತುಂಡನ್ನು ತೂತಿನ ಮೇಲೆ ನೆಟ್ಟಗೆ ನಿಲ್ಲಿಸಿ ನಂಜಯ್ಯ ಕೊಡತಿಯಲ್ಲಿ, ಅಂದರೆ ದಪ್ಪನೆಯ ಮರದ ಸುತ್ತಿಗೆಯಲ್ಲಿ, ಬಡಿದರೆ, ತೂತಿನ ಅಂಚು ಮರವನ್ನು ಸವರಿ ಸವರಿ, ಕೆಳಗಿನಿಂದ ದುಂಡನೆಯ ನುಣುಪಾದ ಗೂಟ ಇಳಿಯುತ್ತಿತ್ತು. ಬಡಿಯುವಾಗ ತುಂಡು ಓರೆಯಾಗದ ಹಾಗೆ ಯಾರಾದರೂ ಹಿಡಿದುಕೊಳ್ಳಬೇಕು, ಪೆಟ್ಟಿಗೊಮ್ಮೆ ಒಂದಿಷ್ಟು ತಿರುಗಿಸಬೇಕು. ಹಿಡಿಯುತ್ತಿದ್ದವಳು ಶಿವಗಂಗಮ್ಮ. ಮದುವೆಯಾಗಿ ಬಂದ ವರ್ಷ ಅತ್ತೆ "ಒಸಿ ವತ್ತು ಇಡ್ಕವ್ವ" ಅಂದಿದ್ದಳು. ಅತ್ತೆ ಸತ್ತು ಎಷ್ಟೋ ವರ್ಷವಾದರೂ ಆ ಒಸಿ ಹೊತ್ತು ಇನ್ನೂ ಮುಗಿದಿರಲಿಲ್ಲ.

ಆ ಕೆಲಸದಲ್ಲಿ ಕೊನೆಯ ಗೂಟ ಅನ್ನುವುದೇ ಇಲ್ಲ. ಒಂದು ತುಂಡು ಬಿಲ್ಲೆಯ ಮಟ್ಟಕ್ಕೆ ಇಳಿದರೆ, ಅದನ್ನು ಹೊರಕ್ಕೆ ತಳ್ಳಲು ಅದರ ತಲೆಯ ಮೇಲೆ ಇನ್ನೊಂದನ್ನು ಇಟ್ಟು ಬಡಿಯಬೇಕು. ಸಂಜೆ ಕೊಡತಿ ಕೆಳಗಿಟ್ಟಾಗಲೂ ಒಂದು ಗೂಟ ಅರ್ಧ ಇಳಿದು ತೂತಿನಲ್ಲೇ ಕೂತಿರುತ್ತದೆ, ಬೆಳಿಗ್ಗೆ ಬಾ ಅಂತ. ಮಲಗಿ ಕಣ್ಣು ಮುಚ್ಚಿದರೆ ಶಿವಗಂಗಮ್ಮನಿಗೆ ಅದೇ ಕಾಣುತ್ತಿತ್ತು. ಪಾಲಾಕ್ಷನ ಹೆಂಡತಿ ಸಣ್ಣಕ್ಕ ಒಮ್ಮೆ ಹಿಡಿಯುವುದಕ್ಕೆ ಬಂದಿದ್ದಳು. ಮಧ್ಯಾಹ್ನದ ಹೊತ್ತಿಗೆ "ನನ್ ಕೈಯೇನ್ ಕಲ್ಲಾ, ನಾ ಒಲ್ಲೆ" ಎಂದು ಎದ್ದು ಹೋದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹಾಗೆ ಎದ್ದು ಹೋಗಬಹುದು ಅನ್ನುವುದು ಶಿವಗಂಗಮ್ಮನಿಗೆ ಹೊಳೆದೇ ಇರಲಿಲ್ಲ.

ಲಡಾಯಿ ಶುರುವಾದ ಮೇಲಂತೂ ಕಬ್ಬಿಣ ಕಣ್ಣಿಗೆ ಬೀಳದಾಯಿತು. ಮೊಳೆಗೂ ಪರ್ಮಿಟ್ಟು, ಬೋಲ್ಟಿಗೂ ಪರ್ಮಿಟ್ಟು. ರಾಮನಾಥಪುರದ ಕಡೆಯ ಸಾಹುಕಾರರೊಬ್ಬರು ಹೊಗೆಸೊಪ್ಪು ಬೇಯಿಸುವ ಮನೆಗಳನ್ನು ಸಾಲಾಗಿ ಕಟ್ಟಿಸುತ್ತಿದ್ದರು. ತೊಲೆಗೆ ತೊಲೆ ಬಿಗಿಯಲು ಬೋಲ್ಟಿನ ಬದಲು ದಪ್ಪ ಮರದ ಗೂಟವೇ ಆಗಲಿ, ಎಷ್ಟಾದರೂ ಬರಲಿ ಎಂದು ಗಾಡಿಯವನ ಕೈಲಿ ಹೇಳಿ ಕಳಿಸಿದರು. ಯುದ್ಧ ನಡೆಯುತ್ತಿದ್ದದ್ದು ಎಲ್ಲೋ. ಅದರ ಪೆಟ್ಟು ಬಂದು ಬಿದ್ದದ್ದು ಶಿವಗಂಗಮ್ಮನ ಮಣಿಕಟ್ಟಿಗೆ.

ಅದೇ ಹೊತ್ತಿಗೆ ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದ ಒಬ್ಬಳೇ ಮಗಳು ಪ್ರೇಮಕುಮಾರಿ ಬಸುರಿಯಾಗಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಏಳು ತುಂಬುತ್ತಿದ್ದ ಹಾಗೆ ಶಿವಗಂಗಮ್ಮ ಕಜ್ಜಾಯ, ಚಕ್ಕುಲಿ ಮಾಡಿ, ಹೊಸ ಸೀರೆ ಗಂಟು ಕಟ್ಟಿಕೊಂಡು, ಇದ್ದಿಲ ಹೊಗೆ ಉಗುಳುವ ಬಸ್ಸಿನಲ್ಲಿ ಮಗಳನ್ನು ಕರೆತರಲು ಹೊರಟಳು.

ಬೀಗಿತ್ತಿ ಗಂಗಾಂಬಿಕೆಯವರದು ಜವಳಿ ಅಂಗಡಿಯ ಮನೆ. ಆಕೆ ಕೆಟ್ಟವರಲ್ಲ. ಕಾಲಿಗೆ ನೀರು ಕೊಟ್ಟರು, ಕಾಫಿ ಕೊಟ್ಟರು, ಕಜ್ಜಾಯದ ಹದವನ್ನು ಹೊಗಳಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಎದುರಿಗೆ ಕೂತರು.

"ನೋಡಿ ಶಿವಗಂಗಮ್ಮನೋರೆ, ಬಸುರಿ ಇರೋ ಮನೇಲಿ ಗೂಟ ಹೊಡೀಬಾರ್ದು. ಇದು ನಾನು ಮಾಡಿದ ಶಾಸ್ತ್ರ ಅಲ್ಲ. ನಿಮ್ಮ ಹಿತ್ತಲಲ್ಲಿ ಬೆಳಗಿಂದ ಬೈಗಿನವರೆಗೂ ಅದೇ ಸದ್ದು. ನಿಮಗೇ ಏನೇನಾಯ್ತು ಅನ್ನೋದು ನಮಗೂ ಗೊತ್ತು. ಬಡಿಯೋದು ನಿಂತ ದಿನ ಹೇಳಿ ಕಳಿಸಿ, ನಾನೇ ಕರ್ಕೊಂಡು ಬಂದು ಬಿಡ್ತೀನಿ. ಇಲ್ಲಾಂದ್ರೆ ಬಾಣಂತನ ಇಲ್ಲೇ ಆಗಲಿ, ನಮಗೇನು ಭಾರ ಇಲ್ಲ."

ಆಕೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪ್ರೇಮಕುಮಾರಿಗಿಂತ ಮೊದಲು ಶಿವಗಂಗಮ್ಮನ ಎರಡು ಕೂಸುಗಳು ದಿನ ತುಂಬುವ ಮುಂಚೆಯೇ ಇಳಿದುಹೋಗಿದ್ದವು. ಗೂಟದ ಸದ್ದಿಗೆ ಬೆದರಿ ಹೋದವು ಎಂದು ಊರು ಹೇಳಿತು. ಮೂರನೆಯ ಸಲ ಅರಕಲಗೂಡಿನಿಂದ ಅವಳ ತಾಯಿ ಗಾಡಿ ಕಟ್ಟಿಸಿಕೊಂಡು ಬಂದು, ಅಳಿಯನ ಮಾತಿಗೆ ಕಾಯದೆ ಮಗಳನ್ನು ಕೂರಿಸಿಕೊಂಡು ಹೋದಳು. ಅಲ್ಲಿ ಸದ್ದಿರಲಿಲ್ಲ, ಪ್ರೇಮಕುಮಾರಿ ಉಳಿದಳು. ಆಮೇಲೆ ಇನ್ನೊಂದು ನಿಂತಿತ್ತು. ಆ ವೇಳೆಗೆ ತಾಯಿ ಇರಲಿಲ್ಲ, ಅದೂ ಹೋಯಿತು. ನಂಜಯ್ಯನ ಮುಂದೆ ಇದನ್ನು ಎತ್ತಿದರೆ "ಸದ್ದಿಗೆ ಸಾಯೋದಾದ್ರೆ ಊರಲ್ ಯಾರ್ ಉಳೀತಿದ್ರು, ಸುಮ್ನಿರೆ" ಎಂದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ. ಅವತ್ತು ಅವನ ಪೆಟ್ಟು ಎಂದಿಗಿಂತ ಜೋರಾಗಿರುತ್ತಿತ್ತು. ಶಿವಗಂಗಮ್ಮನಿಗೆ ಆ ಕೊಡತಿಯನ್ನು ಕಂಡರೆ ಆಗುತ್ತಿರಲಿಲ್ಲ. ಅದರ ಕೆಳಗೇ ಕೂತು ಆಯಸ್ಸು ಕಳೆದಿದ್ದಳು.

ಹೊರಡುವಾಗ ಪ್ರೇಮಕುಮಾರಿ ಬಾಗಿಲ ಮರೆಯಲ್ಲಿ ಅವಳ ಕೈ ಹಿಡಿದುಕೊಂಡಳು.

"ಅವ್ವಾ, ಇಲ್ಲಿ ಎಲ್ರೂ ಚೆಂದಾಗೇ ನೋಡ್ಕತಾರೆ. ಆದ್ರೂ ನಂಗೆ ದಿಗಿಲು ಕಣವ್ವ. ಎಂಗಾರ ಮಾಡಿ ಕರಸ್ಕ."

ಬಸ್ಸಿನಲ್ಲಿ ಹಿಂದಿರುಗುವಾಗ ಶಿವಗಂಗಮ್ಮ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅದರ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು.

ಮಾರನೆಯ ಬೆಳಿಗ್ಗೆ ನಂಜಯ್ಯ ಎಂದಿನಂತೆ ವಿಭೂತಿ ಹಚ್ಚಿಕೊಂಡು, ತಂಗಳು ಉಂಡು, ಕೊಟ್ಟಿಗೆಯಲ್ಲಿ ಕೊಡತಿ ಹಿಡಿದು ನಿಂತ. ಪಾಲಾಕ್ಷ ಆಗಲೇ ಒಂದು ರಾಶಿ ತುಂಡು ಕೆತ್ತಿ ಹಾಕಿದ್ದ. ಶಿವಗಂಗಮ್ಮ ಮಾತ್ರ ಹಿತ್ತಿಲ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಬಾರೆ, ವತ್ತಾಯ್ತು" ಎಂದ ನಂಜಯ್ಯ.

"ನಾ ಇಡ್ಕಳಲ್ಲ."

"ಯಾಕೆ, ಕೈ ನೋವಾ?"

"ಕೈ ನೋವು ಯಾವತ್ತಿರ್ಲಿಲ್ಲ? ಅದಕ್ಕಲ್ಲ. ಮಗ್ಳು ಬರಬೇಕು. ಅವ್ಳು ಎತ್ತು ಎದ್ದೇಳೋಗಂಟ ಈ ಇತ್ಲಲ್ಲಿ ಗೂಟದ ಸದ್ದು ಕೇಳಬಾರ್ದು."

"ಸಾವ್ಕಾರ್ರಿಗೆ ಏನೇಳ್ಲೆ? ಒಪ್ಕಂಡ್ಬುಟ್ಟಿವ್ನಿ."

"ಗಂಗಾಂಬಿಕೆಯೋರ್ಗೆ ನಾನೇನೇಳ್ಲಿ ಅಂತ ಯಾರೂ ಕೇಳ್ಲಿಲ್ಲ."

ನಂಜಯ್ಯ ಕೊಡತಿ ಕೆಳಗಿಟ್ಟ. ಸಿಟ್ಟು ಮಾಡುವಷ್ಟು ಕಸುವು ಅವನಲ್ಲೂ ಉಳಿದಿರಲಿಲ್ಲ. ಬಲಭುಜ ಮೇಲೆತ್ತಿದರೆ ಲಟಲಟ ಅನ್ನುತ್ತಿತ್ತು. ಹೆಂಡತಿ ಇಷ್ಟು ವರ್ಷದಲ್ಲಿ ಒಲ್ಲೆ ಅಂದದ್ದು ಇದೇ ಮೊದಲು. ಹೀಗಾದಾಗ ಏನು ಮಾಡಬೇಕು ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ದಾರಿ ಹೇಳಿದವನು ಪಾಲಾಕ್ಷ.

"ಅತ್ತಿಗೆ ಏಳೋದ್ರಲ್ಲಿ ತಪ್ಪೇನೈತೆ ನಂಜಣ್ಣ? ಬಿಲ್ಲೆ ಕೊರಡು ಎರಡ್ನೂ ಹೊಳೆಯಾಚಿಕೆ ಸಾಗಿಸ್ಬುಡನ. ನೀರೂ ಇಳ್ದೈತೆ. ಆ ಹೊಂಗೆ ಮರದ ಕೆಳಗೆ ಎಷ್ಟ್ ಬಡುದ್ರೂ ಇಲ್ಲಿಗೆ ಕೇಳಕ್ಕಿಲ್ಲ. ನಾ ಇಡ್ಕತೀನಿ, ನೀ ಬಡಿ."

ಹಾಗೇ ಆಯಿತು. ಕೊರಡನ್ನು ಗಾಡಿಗೆ ಹೇರಿ ಮೊಣಕಾಲುದ್ದದ ನೀರು ದಾಟಿಸಿದರು. ಗಂಗಾಂಬಿಕೆಯವರು ಮಾತಿಗೆ ತಪ್ಪದೆ ಪ್ರೇಮಕುಮಾರಿಯನ್ನು ತಾವೇ ಕರೆತಂದು, ಹಿತ್ತಿಲಿಗೆ ಹೋಗಿ ಖಾಲಿ ಕೊಟ್ಟಿಗೆಯನ್ನು ಕಣ್ಣಾರೆ ನೋಡಿ, ಸಮಾಧಾನದಿಂದ ಹಿಂದಿರುಗಿದರು.

ಹೊಳೆಯಾಚೆ ಕೆಲಸ ಶುರುವಾದ ಮೊದಲ ದಿನವೇ ಪಾಲಾಕ್ಷ ಹೆಬ್ಬೆರಳು ಜಜ್ಜಿಸಿಕೊಂಡು, ಬಟ್ಟೆ ಸುತ್ತಿಕೊಂಡು ಬಂದ. ಶಿವಗಂಗಮ್ಮ ಅರಿಸಿನ ಅರೆದು ಕಟ್ಟಿದಳು. ಪಾಪ ಅನ್ನಿಸಿತು. ಒಳಗೊಳಗೇ ಸ್ವಲ್ಪ ಜಂಬವೂ ಆಯಿತು, ಅದನ್ನೇಕೆ ಮುಚ್ಚಿಡಬೇಕು? ಅವಳ ಬೆರಳಿಗೆ ಒಂದು ದಿನವೂ ಪೆಟ್ಟು ಬಿದ್ದಿರಲಿಲ್ಲ. ಅವಳ ಹಾಗೆ ಹಿಡಿಯುವವರು ಇನ್ನೊಬ್ಬರಿಲ್ಲ ಎಂದು ನಂಜಯ್ಯ ಒಂದು ಸಲವಾದರೂ ಬಾಯಿಬಿಟ್ಟು ಹೇಳಿಯಾನೆಂದು ಕಾದಿದ್ದಳು, ಅವನು ಹೇಳಿರಲಿಲ್ಲ. ಈಗಲಾದರೂ ಗೊತ್ತಾಗಲಿ ಅಂದುಕೊಂಡಳು. ಮರುದಿನ ಪಾಲಾಕ್ಷ ಮತ್ತೆ ಹೊಳೆ ದಾಟಿ ಹೋದ. ನೋವು ನುಂಗಿಕೊಂಡು ಹಿಡಿಯುತ್ತಿರಬೇಕು ಎಂದು ಅವಳು ತಿಳಿದಳು. ಬುತ್ತಿ ಒಯ್ಯುತ್ತಿದ್ದವಳು ಸಣ್ಣಕ್ಕ. ಅವಳೂ ಬೇರೇನೂ ಹೇಳಲಿಲ್ಲ.

ಮನೆ ನಿಶ್ಶಬ್ದವಾಯಿತು. ಬರೀ ಕೂತು ಮಗಳ ತಲೆ ಬಾಚುವುದು ಎಂದರೆ ಏನೆಂದು ಶಿವಗಂಗಮ್ಮನಿಗೆ ಆಗ ತಿಳಿಯಿತು. ಸುಖ ಅನ್ನಿಸಬೇಕಾಗಿತ್ತು. ಆದರೆ ಕೆಲಸ ನಿಂತ ಮೇಲೆ ಅಷ್ಟು ವರ್ಷದ ದಣಿವೆಲ್ಲ ಒಟ್ಟಿಗೆ ಬಂದು ಕೂತುಬಿಟ್ಟಿತು. ಸೊಂಟ, ಮೊಣಕಾಲು, ಬೆನ್ನು ಒಂದೊಂದೂ ಸರದಿಯಲ್ಲಿ ದೂರು ಹೇಳತೊಡಗಿದವು. ಮಗಳ ಬಾಣಂತನಕ್ಕೆ ಉಳಿದರೆ ಸಾಕು ಅನ್ನಿಸುವಷ್ಟು ಸುಸ್ತು.

ಬೇನೆ ಶುರುವಾದದ್ದು ಒಂದು ದಿನ ಬೆಳಕು ಹರಿದ ಮೇಲೆ, ಗಂಡಸರು ಹೊಳೆ ದಾಟಿ ಹೋಗಿದ್ದಾಗ. ಶಿವಗಂಗಮ್ಮನ ಕಾಲದಿಂದಲೂ ಊರಿನ ಹೆರಿಗೆ ನೋಡುತ್ತಿದ್ದ ಸೂಲಗಿತ್ತಿ ಹೊನ್ನಕ್ಕ ಬಂದಳು. ಹೊತ್ತು ನೆತ್ತಿಗೆ ಏರಿತು, ಕೂಸು ಇಳಿಯಲಿಲ್ಲ. ಪ್ರೇಮಕುಮಾರಿ ಕುಕ್ಕರಗಾಲಲ್ಲಿ ಕೂತು, ಗೋಡೆಯ ಗೂಟಕ್ಕೆ ಕಟ್ಟಿದ್ದ ಹಗ್ಗವನ್ನು ಜಗ್ಗಿ ಹಿಡಿದು ತಿಣುಕುತ್ತಿದ್ದಳು. ಒಂದು ಬೇನೆಗೆ ಜಗ್ಗಿದ್ದೇ ತಡ, ಗೂಟ ಕಿತ್ತು ಕೈಗೇ ಬಂತು.

ಹೊನ್ನಕ್ಕ ಅದನ್ನು ಎತ್ತಿ ನೋಡಿ ಮೂಲೆಗೆ ಎಸೆದಳು. ಊರಿಗೆಲ್ಲ ಗೂಟ ಮಾಡುವವನ ಮನೆಯ ಗೋಡೆಯಲ್ಲಿ ಇದ್ದದ್ದು, ಯಾರಿಗೂ ಬೇಡವಾದ ಹಸಿಮರದ ಗೂಟ. ಒಣಗಿ ಸೊರಗಿ, ಗೋಡೆಯಲ್ಲಿ ಸುಮ್ಮನೆ ನಿಂತಿತ್ತು ಅಷ್ಟೆ.

"ಗಟ್ಟಿ ಗೂಟ ಒಂದು ಬೇಕು ಕಣವ್ವ, ಇಲ್ಲೇ, ಇಷ್ಟ್ ಎತ್ತರಕ್ಕೆ. ಈ ಉಡ್ಗಿಗೆ ಆತ್ಕಳಕ್ಕೆ ಏನಾರ ಬೇಕು. ನಿನ್ ಗಂಡನ್ನ ಕರಸು."

"ಈಗ ಗೂಟ ಒಡೆಯೋದಾ? ಇವ್ಳು ಇಂಗಿರುವಾಗ?"

"ನಾನ್ ಏಳ್ತಿವ್ನಿ. ಓಗು."

ಶಿವಗಂಗಮ್ಮ ಮಗಳನ್ನು ನೆರವಿಗೆ ಬಂದಿದ್ದ ಸಣ್ಣಕ್ಕನ ತೋಳಿಗೆ ಒರಗಿಸಿ ಹೊಳೆಯ ದಡಕ್ಕೆ ಓಡಿದಳು. ಆಚೆ ದಡದ ಹೊಂಗೆ ಮರದ ಮರೆಯಿಂದ ಪೆಟ್ಟಿನ ಸದ್ದು ಸಣ್ಣಗೆ ಕೇಳುತ್ತಿತ್ತು. ಬೇಡವೆಂದರೂ ಅವಳ ಮಣಿಕಟ್ಟು ಅದಕ್ಕೆ ಸರಿಯಾಗಿ ಹೊರಳಿತು. ಗಟ್ಟಿ ಗೂಟವೊಂದು ತರಬೇಕೆಂದು ಗಂಡನನ್ನು ಕೂಗಿ ಕರೆದಳು. ಸದ್ದು ನಿಂತಿತು. ನಂಜಯ್ಯ ಒಂದು ಹೆಗಲ ಮೇಲೆ ಕೊಡತಿ, ಕಂಕುಳಲ್ಲಿ ಒಂದು ಗೂಟ ಇಟ್ಟುಕೊಂಡು, ಪಂಚೆ ಒದ್ದೆಯಾದರೂ ಎತ್ತಿಕಟ್ಟದೆ ನೀರಿನಲ್ಲಿ ನಡೆದು ಬಂದ.

ಹೆರಿಗೆ ಕೋಣೆಗೆ ಗಂಡಸು ಕಾಲಿಡುವ ಹಾಗಿಲ್ಲ. ಹೊನ್ನಕ್ಕ ಪ್ರೇಮಕುಮಾರಿಯ ಮುಂದೆ ಸೀರೆಯೊಂದನ್ನು ಅಡ್ಡ ಹಿಡಿಸಿ, "ಬಾಪ್ಪ, ಗ್ವಾಡೆ ನೋಡ್ಕಂಡು ಒಡಿ" ಅಂದಳು. ಕಿತ್ತು ಬಂದ ಗೂಟದ ತೂತಿಗೇ ಹೊಸದನ್ನು ಇಡಬೇಕಾಗಿತ್ತು. ಶಿವಗಂಗಮ್ಮ ಎರಡೂ ಕೈಯಲ್ಲಿ ಹಿಡಿದಳು. ನಂಜಯ್ಯ ಕೊಡತಿ ಎತ್ತಿದವನು ಒಂದು ಗಳಿಗೆ ಅವಳ ಮುಖ ನೋಡಿದ. ಎತ್ತಿದ ಕೊಡತಿಯನ್ನು ಹೊಡೆಯದೆ ಮತ್ತೆ ಇಳಿಸಿದ. ಇಷ್ಟು ವರ್ಷ ಸುಮ್ನಿರೆ ಅಂದವನಿಗೂ ಒಳಗೆ ಅಂಜಿಕೆ ಇತ್ತು ಅನ್ನುವುದು ಅವಳಿಗೆ ಆಗ ಗೊತ್ತಾಯಿತು.

"ಒಡೀರಿ" ಅಂದಳು.

ಒಂದೊಂದು ಪೆಟ್ಟಿಗೂ ಮಣ್ಣು ಉದುರಿತು. ಒಂದೊಂದು ಪೆಟ್ಟಿಗೂ ಸೀರೆಯ ಹಿಂದಿನಿಂದ ಮಗಳು ನರಳುವುದು ಕೇಳಿತು. ಶಿವಗಂಗಮ್ಮ ಹೋದ ಮೂರು ಕೂಸುಗಳನ್ನೂ ನೆನೆಸಿಕೊಂಡು, ಶಿವನೇ ಶಿವನೇ ಅನ್ನುತ್ತ, ಕೈ ಮಾತ್ರ ಓರೆಯಾಗದಂತೆ ಹಿಡಿದಿದ್ದಳು. ಗೂಟ ಕಚ್ಚಿ ನಿಂತಿತು. ನಂಜಯ್ಯ ತಿರುಗಿ ನೋಡದೆ ಹೊರಗೆ ಹೋದ. ಪ್ರೇಮಕುಮಾರಿ ಹೊಸ ಗೂಟಕ್ಕೆ ಕಟ್ಟಿದ ಹಗ್ಗವನ್ನು ಜಗ್ಗಿ ಹಿಡಿದು, ಹೊತ್ತು ಪಡುವಣಕ್ಕೆ ವಾಲುವ ಮೊದಲೇ ಹೆತ್ತಳು. ಹೆಣ್ಣು ಕೂಸು. ಕೆಂಪಗೆ, ಸಿಟ್ಟಿನಿಂದ ಅಳುತ್ತಿತ್ತು.

ತಾಯಿ ಮಗು ಇಬ್ಬರೂ ಮಲಗಿದ ಮೇಲೆ ಶಿವಗಂಗಮ್ಮ ಹಿತ್ತಿಲಲ್ಲಿ ಹೊನ್ನಕ್ಕನ ಕೈಗೆ ಬಿಸಿನೀರು ಹೊಯ್ದಳು.

"ಹೊನ್ನಕ್ಕ, ತಲೆ ಮೇಲೇ ಗೂಟ ಒಡುದ್ರೂ ಏನೂ ಆಗ್ಲಿಲ್ವಲ್ಲ."

"ಸದ್ದಿಗೆ ಏನಾಯ್ತದೆ ಕಣವ್ವ?"

"ಮತ್ತೆ ನನ್ನವು?"

ಹೊನ್ನಕ್ಕ ಉಗುರಿನ ಸಂದಿಗಳನ್ನೆಲ್ಲ ಉಜ್ಜಿಕೊಂಡಳು.

"ನಿನ್ನವೂ ಸದ್ದಿಗೆ ಓದವಲ್ಲ. ವಟ್ಟೆ ಮುಂದಕ್ ಬಂದಿದ್ರೂ ಬೆಳಗಿಂದ ಬೈಗಿನಗಂಟ ಬಗ್ಗಿ ಕೂತ್ಕಂಡು ಆ ಪೆಟ್ಟೆಲ್ಲ ಮೈಗೆ ತಗತಿದ್ದೆ. ನಿಲ್ಲೋ ಕೂಸಾದ್ರೂ ಎಂಗ್ ನಿಂತಾತು? ಅರಕಲಗೂಡಲ್ಲಿ ನಿಮ್ಮವ್ವ ನಿನ್ನ ಮನಗಿಸಿದ್ಲು, ಅದಕ್ಕೇ ಇವ್ಳು ಉಳುದ್ಲು. ಅಷ್ಟೆಯ."

ಶಿವಗಂಗಮ್ಮನ ಕೈಯಲ್ಲಿದ್ದ ಚೆಂಬು ಖಾಲಿಯಾಗಿತ್ತು. ಅವಳು ಅದನ್ನು ಇನ್ನೂ ಬಗ್ಗಿಸಿಕೊಂಡೇ ನಿಂತಿದ್ದಳು.

"ಅವಾಗ್ಲೇ ಯಾಕ್ ಏಳ್ಲಿಲ್ಲ ಹೊನ್ನಕ್ಕ?"

"ನಿಮ್ಮತ್ತೆಗೆ ಏಳ್ದೆ. ಅವ್ಳು ಬುಟ್ರೆ ಇನ್ಯಾರು ಇಡ್ಕತಾರೆ ಅಂದ್ಲು. ನಾನೇನ್ ಮಾಡ್ಲಿ? ಯಾರಾರ ಇಡ್ಕಳ್ಲೇಬೇಕಲ್ಲ."

ಅದು ನಿಜವೇ, ಯಾರಾದರೂ ಹಿಡಿಯಲೇಬೇಕು. ಆ ಒಂದು ಮಾತನ್ನು ಹಿಡಿದುಕೊಂಡು ಶಿವಗಂಗಮ್ಮ ಬಾಣಂತನದ ದಿನಗಳನ್ನು ದೂಡಿದಳು. ದುಃಖವಾದಾಗಲೆಲ್ಲ ಅದನ್ನೇ ಹೇಳಿಕೊಂಡಳು. ಅತ್ತೆಯದೂ ತಪ್ಪಲ್ಲ, ಗಂಡನದೂ ತಪ್ಪಲ್ಲ, ಕೆಲಸ ಇದ್ದದ್ದೇ ಹಾಗೆ. ಹಾಗೆ ಅಂದುಕೊಂಡರೆ ಮನಸ್ಸು ಒಂದಿಷ್ಟು ಹಗುರಾಗುತ್ತಿತ್ತು. ಗಂಗಾಂಬಿಕೆಯವರು ಬೆಳ್ಳಿಯ ಬಟ್ಟಲು ತಂದು ಮೊಮ್ಮಗಳನ್ನು ನೋಡಿಕೊಂಡು ಹೋದರು. ಗೋಡೆಯ ಹೊಸ ಗೂಟದ ವಿಷಯ ಅವರಿಗೆ ಯಾರೂ ಹೇಳಲಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕಿದ ಮೇಲೆ ಒಂದು ದಿನ ಸಣ್ಣಕ್ಕನಿಗೆ ಮೈಯಲ್ಲಿ ಹುಷಾರಿರಲಿಲ್ಲ. ಶಿವಗಂಗಮ್ಮ ತಾನೇ ಬುತ್ತಿ ಹೊತ್ತು ಹೊಳೆ ದಾಟಿದಳು. ದಾಟುವಾಗ ಒಂದು ಮಾತು ಮನಸ್ಸಿನಲ್ಲಿ ಕೂಡಿಸಿಕೊಂಡಿದ್ದಳು. ಪಾಲಾಕ್ಷನ ಕೈ ಸಾಕಾಗಿರಬಹುದು, ಇನ್ನು ಸ್ವಲ್ಪ ದಿನಕ್ಕೆ ನಾನೇ ಇಡ್ಕಳಕ್ಕೆ ಬತ್ತೀನಿ ಅನ್ನೋಣ ಎಂದು.

ಹೊಂಗೆ ಮರದ ಈಚೆಗೆ ಪಾಲಾಕ್ಷ ಕಾಲು ಚಾಚಿ ಕೂತು, ಎಲೆಯಡಿಕೆ ಮೆಲ್ಲುತ್ತ ಜಾಲಿಯ ತುಂಡು ಕೆತ್ತುತ್ತಿದ್ದ. ಆಚೆಗೆ ನಂಜಯ್ಯ ಒಬ್ಬನೇ ನಿಂತು ಬಡಿಯುತ್ತಿದ್ದ. ಕೊರಡಿನ ಪಕ್ಕಕ್ಕೆ ಒಂದು ಕಂಬ ನೆಟ್ಟಿತ್ತು. ಕಂಬಕ್ಕೆ ಅಡ್ಡಲಾಗಿ ಒಂದು ಕವೆಕೊಂಬೆ ಕಟ್ಟಿತ್ತು. ಕವೆಯ ಎರಡು ಕವಲಿನ ನಡುವೆ ತುಂಡು ನೆಟ್ಟಗೆ ನಿಂತಿತ್ತು. ನಾಲ್ಕಾರು ಪೆಟ್ಟು ಹೊಡೆದು ನಂಜಯ್ಯ ಎಡಗೈಯಲ್ಲಿ ತುಂಡನ್ನು ಒಂದಿಷ್ಟು ತಿರುಗಿಸಿ ಮತ್ತೆ ಬಡಿದ. ಕೆಳಗಿನಿಂದ ದುಂಡನೆಯ ಗೂಟ ಇಳಿಯಿತು.

ಶಿವಗಂಗಮ್ಮ ಬುತ್ತಿ ತಲೆಯ ಮೇಲೆ ಇದ್ದ ಹಾಗೆಯೇ ನೋಡುತ್ತ ನಿಂತಳು. ಕವೆ ಅಂಥದ್ದೇನೂ ಅಲ್ಲ. ಬೇಲಿಗೆ ಹಾಕುವ ಕೊಂಬೆ, ಒಂದು ಹಗ್ಗ, ಎರಡು ಬೆಣೆ.

"ಇದ್ನ ಯಾವಾಗ್ ಮಾಡಿದ್ರಿ?" ಎಂದಳು.

"ಇದಾ? ಪಾಲಾಕ್ಷ ಬೆರಳು ಜಜ್ಜಿಸ್ಕಂಡ್ನಲ್ಲ, ಅದರ ಮಾರ್ನೇ ದಿನ. ಪಾಪ, ಅವನ ಕೈ ಅವನ್ಗೆ ಬೇಕಲ್ಲ."

"ಎಷ್ಟೊತ್ ಇಡೀತು ಮಾಡಕ್ಕೆ?"

ನಂಜಯ್ಯ ಕೊಡತಿಗೆ ಆತುಕೊಂಡು ಬೆವರು ಒರೆಸಿಕೊಂಡ. ಪ್ರಶ್ನೆಯಲ್ಲಿ ಏನಾದರೂ ಇದೆ ಅನ್ನುವುದು ಅವನಿಗೆ ಗೊತ್ತಾಗಲಿಲ್ಲ.

"ಅದೇನ್ ಮಾ ಕೆಲ್ಸ. ಬೆಳಿಗ್ಗೆ ಶುರು ಮಾಡ್ದೆ, ಉಣ್ಣೋ ವತ್ಗೆ ಆಗೋಯ್ತು." ಆಮೇಲೆ ಸ್ವಲ್ಪ ನಾಚಿಕೊಂಡವನ ಹಾಗೆ, "ಆದ್ರೂ ನಿನ್ ಕೈಯಷ್ಟು ನೆಟ್ಟಗೆ ಇಡಿಯಲ್ಲ ಕಣೆ ಇದು" ಎಂದ.

ಈ ಮಾತಿಗಾಗಿ ಅವಳು ಇಷ್ಟು ವರ್ಷ ಕಾದಿದ್ದಳು. ಈಗ ಬಂತು. ಶಿವಗಂಗಮ್ಮ ಬುತ್ತಿ ಇಳಿಸಿ, ಮುದ್ದೆ ಮುರಿದು ಇಬ್ಬರಿಗೂ ಇಟ್ಟಳು, ಸಾರು ಬಿಟ್ಟಳು. ತಾನು ಕೂರಲಿಲ್ಲ.

"ಉಂಡು ಪಾತ್ರೆ ನೀವೇ ತಕ್ಕಂಬನ್ನಿ" ಅಂದಳು. "ನಾಳಿಂದ ಬುತ್ತಿ ತರಕ್ಕೂ ಒಂದು ಕವೆ ಮಾಡ್ಕಳಿ."

ಪಾಲಾಕ್ಷ ತಮಾಷೆ ಅಂದುಕೊಂಡು ನಕ್ಕ. ನಂಜಯ್ಯ ನಗಲಿಲ್ಲ. ತುತ್ತು ಕೈಯಲ್ಲಿ ಹಿಡಿದು ಕವೆಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಕವೆಯನ್ನು ನೋಡಿದ. ಅವನ ಮುಖ ನಿಧಾನವಾಗಿ ಇಳಿಯಿತು. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ನೀರಿಗೆ ಇಳಿದಿದ್ದಳು.

ಹೊಳೆಯ ನಡುವೆ ಬಂದಾಗ ಹಿಂದಿನಿಂದ ಮತ್ತೆ ಪೆಟ್ಟಿನ ಸದ್ದು ಕೇಳಿತು. ಸಾಹುಕಾರರ ಗಾಡಿ ಸಂಜೆಗೆ ಬರುವುದಿತ್ತು. ಒಂದೊಂದು ಪೆಟ್ಟಿಗೂ ಅವಳ ಬರಿಗೈ ಒಂದಿಷ್ಟು ಹೊರಳುತ್ತಿತ್ತು. ಶಿವಗಂಗಮ್ಮ ಎಡಗೈಯಿಂದ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಮನೆಯ ಕಡೆ ನಡೆದಳು.